ಕಾರಹುಣ್ಣಿಮೆಗೆ ಬಿಚ್ಚಿಟ್ಟ ವಾಲ್ಯೂಮ್

ವಾಸನೆಯೊಂದು ಹಳೆಯ ದಿನಗಳನ್ನು ಎಳೆದು ತರುತ್ತದೆ ಎಂದು ಯಾರಾದರೂ ವೇದಿಕೆಯ ಮೇಲೆ ಹೇಳಿದ್ದರೆ ನಾನು ಎದ್ದು ನಿಂತು ಪುರಾವೆ ಕೇಳುತ್ತಿದ್ದೆ. ಮೊನ್ನೆ ಖಾನಾಪುರದ ಬಸ್‌ಸ್ಟ್ಯಾಂಡಿನಲ್ಲಿ ಪುರಾವೆ ಸಿಕ್ಕಿತು. ಕಾಲೇಜೊಂದರ ಚರ್ಚಾಸ್ಪರ್ಧೆಗೆ ತೀರ್ಪುಗಾರಳಾಗಿ ಹೋಗಿದ್ದೆ. ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ಕಾಯಿಪಲ್ಲೆ ಮಾರುವವನೊಬ್ಬ ತನ್ನ ಗಾಡಿಗೆ ಮಳೆಗೆಂದು ಹೊದಿಸಿದ್ದ ತಾಡಪತ್ರಿ ಎತ್ತಿ ಕೊಡವಿದ. ನೀರು, ಧೂಳು, ಹಳೆಯ ಎಣ್ಣೆ, ಸ್ವಲ್ಪ ಬೂಷ್ಟು, ಎಲ್ಲ ಸೇರಿದ ಆ ಒದ್ದೆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ನಿಂತಲ್ಲೇ ನಿಂತೆ. ಕರೆದೊಯ್ಯಲು ಬಂದಿದ್ದ ಹುಡುಗಿ, "ಮೇಡಂ, ಕಾಲಾಗ ನೀರದ, ಈ ಕಡೆ ಬರ್ರಿ" ಎಂದು ಎಚ್ಚರಿಸಬೇಕಾಯಿತು.

ಅದು ನನ್ನ ಮೊದಲ ಕೆಲಸದ ಮೊದಲ ಮಳೆಗಾಲ. ಹುಬ್ಬಳ್ಳಿಯ ಒಂದು ಸಣ್ಣ ಕಂಪನಿ ನನ್ನನ್ನು ಬೆಳಗಾವಿಯ ಒಂದು ಟ್ರಸ್ಟ್ ಆಸ್ಪತ್ರೆಗೆ ಕಳಿಸಿತ್ತು. ಆಸ್ಪತ್ರೆಯ ಎಕ್ಸ್‌ರೇ, ಸ್ಕ್ಯಾನ್, ರೋಗಿಗಳ ವಿವರ ಎಲ್ಲ ಇರುವುದು ಮೇಲಿನ ಮಹಡಿಯ ಯಂತ್ರಕೋಣೆಯ ಒಂದು ಕಪಾಟಿನಲ್ಲಿ. ಅದಕ್ಕೆ ಸ್ಟೋರೇಜ್ ಅರೇ ಎನ್ನುತ್ತಾರೆ. ಡಿಸ್ಕುಗಳನ್ನು ಸಾಲಾಗಿ ಜೋಡಿಸಿ ಒಂದೇ ದೊಡ್ಡ ಉಗ್ರಾಣ ಮಾಡಿದಂತೆ. ಆ ಉಗ್ರಾಣದಲ್ಲಿ ಬೇಕಾದ ಅಳತೆಗೆ ಕತ್ತರಿಸಿಕೊಂಡ ಒಂದೊಂದು ಖಾನೆ ಒಂದೊಂದು ವಾಲ್ಯೂಮ್. ಆ ಖಾನೆಯನ್ನು ಯಾವ ಕಂಪ್ಯೂಟರಿಗೆ ಜೋಡಿಸುತ್ತೀರೋ ಅದು ಹೋಸ್ಟ್. ಜೋಡಿಸಿದರೆ ಕಾಣುತ್ತದೆ, ಬಿಚ್ಚಿದರೆ ಕಾಣುವುದಿಲ್ಲ. ಇಷ್ಟು ತಿಳಿದರೆ ಈ ಕಥೆಗೆ ಸಾಕು. ನನಗೂ ಆಗ ಇದಕ್ಕಿಂತ ಹೆಚ್ಚು ತಿಳಿದಿರಲಿಲ್ಲ.

ಅಲ್ಲಿಯವರೆಗೆ ಇದೆಲ್ಲವನ್ನೂ ಪರದೆಯ ಮೇಲೆ ಒಂದೊಂದೇ ಗುಂಡಿ ಒತ್ತಿ ಮಾಡುತ್ತಿದ್ದರು. ಪೈಥಾನ್‌ನಲ್ಲಿ ಅರೇಯ ಜತೆ ಮಾತಾಡುವ ಒಂದು ಲೈಬ್ರರಿ ಇದೆ, ಅದನ್ನು ಕಲಿತು ಕೆಲಸವನ್ನು ಸ್ಕ್ರಿಪ್ಟಿಗೆ ಹಾಕು ಎಂಬುದು ನನಗಿದ್ದ ಆಜ್ಞೆ. ಆಜ್ಞೆ ಕೊಡುವವರು ದೇಸಾಯಿ ಸರ್, ಹುಬ್ಬಳ್ಳಿಯಲ್ಲಿ ಕೂತು ಫೋನಿನಲ್ಲಿ. ಅವರ ಮುಖವನ್ನು ನಾನು ಇಂಟರ್‌ವ್ಯೂ ದಿನ ನೋಡಿದ್ದು ಬಿಟ್ಟರೆ ಮತ್ತೆ ನೋಡಿರಲಿಲ್ಲ.

ಊರಿನ ಬಗ್ಗೆ ಹೇಳಬೇಕೆಂದರೆ ನನಗೆ ಬೆಳಗಾವಿ ಗೊತ್ತಾದದ್ದೇ ಕಡಿಮೆ. ಹಿಂಡಲಗಾದಲ್ಲಿ ಒಂದು ಕೋಣೆ, ಅಲ್ಲಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಕೋಣೆ. ದಾರಿಯುದ್ದಕ್ಕೂ ಅಲ್ಲಿಯ ಜೈಲಿನ ಗೋಡೆ ಜತೆಗೆ ಬರುತ್ತಿತ್ತು. ಮನೆಯೊಡತಿ ಮರಾಠಿಯವರು, ಕೆಟ್ಟವರಲ್ಲ, ಆದರೆ ಇಡೀ ದಿನಕ್ಕೆ ಅವರು ನನಗೆ ಹೇಳುತ್ತಿದ್ದದ್ದು ಒಂದೇ ಮಾತು: "ಪಾಣಿ ಆಲಂ." ನೀರು ಬಂದಿದೆ, ತುಂಬಿಕೋ ಎಂದು. ಕೆಲವು ದಿನ ಆ ಒಂದು ಮಾತು ಬಿಟ್ಟರೆ ಬೇರೆ ಮನುಷ್ಯರ ದನಿ ನನ್ನ ಕಿವಿಗೆ ಬೀಳುತ್ತಿರಲಿಲ್ಲ. ರವಿವಾರ ಬಸ್ಸು ಹಿಡಿದು ಸಾಂಬ್ರಾಕ್ಕೆ ಹೋಗುತ್ತಿದ್ದೆ. ವಿಮಾನ ನಿಲ್ದಾಣದ ಹೊರಗೆ, ಬರುವವರಿಗಾಗಿ ಕಾಯುವ ಜನರ ನಡುವೆ ನಿಂತರೆ ನಾನೂ ಯಾರಿಗೋ ಕಾಯುತ್ತಿದ್ದೇನೆ ಎಂದು ನೋಡಿದವರಿಗೆ ಅನ್ನಿಸಬಹುದು. ನೋಡುವವರು ಮಾತ್ರ ಯಾರೂ ಇರಲಿಲ್ಲ.

ಗೆಳತಿಯರು ಇರಲಿಲ್ಲವೆ? ಇದ್ದಳು, ಒಬ್ಬಳು. ವಿದ್ಯಾ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಾವಿಬ್ಬರೂ ಜೋಡಿ; ಪರ ಅವಳು, ವಿರೋಧ ನಾನು. ಕಪ್‌ಗಳನ್ನು ಗೆದ್ದು ಗೆದ್ದು ಹಾಸ್ಟೆಲ್ ವಾರ್ಡನ್ ಕೋಣೆಯ ಕಪಾಟು ತುಂಬಿತ್ತು. ಅವಳ ಮದುವೆ ಗೊತ್ತಾದಾಗ, ಹುಡುಗನನ್ನು ಎರಡೇ ಸಲ ನೋಡಿ ಒಪ್ಪುವುದು ಯಾವ ತರ್ಕ ಎಂದು ನಾನು ಫೋನಿನಲ್ಲಿ ವಾದಿಸಿದೆ. ಅವಳು ಬಹಳ ಹೊತ್ತು ಕೇಳಿಸಿಕೊಂಡು, "ನೀ ಮಾತಾಡಂಗಿಲ್ಲಲೇ, ಬರೇ ಗೆಲ್ಲತಿ" ಎಂದಳು. ಆಮೇಲೆ ಅವಳ ಫೋನು ಬರಲಿಲ್ಲ. ನನ್ನ ವಾದದಲ್ಲಿ ಏನು ತಪ್ಪಿತ್ತು ಎಂದು ನಾನು ಇವತ್ತಿಗೂ ಹುಡುಕುತ್ತಿದ್ದೇನೆ, ಸಿಕ್ಕಿಲ್ಲ.

ಹಾಗಾಗಿ ಆ ಮಳೆಗಾಲದಲ್ಲಿ ನನಗೆ ಎದುರುತ್ತರ ಕೊಡುತ್ತಿದ್ದದ್ದು ಯಂತ್ರಕೋಣೆಯ ಅರೇ ಮಾತ್ರ. ಅದೂ ನನ್ನಂತೆಯೇ ಸಂಶಯದ ಪ್ರಾಣಿ. ಲೈಬ್ರರಿ ಹಾಕಿಕೊಳ್ಳುವುದೇ ಒಂದು ಪಾಡು, ಏಕೆಂದರೆ ಆ ಕೋಣೆಯ ಕಂಪ್ಯೂಟರಿಗೆ ಹೊರಗಿನ ಇಂಟರ್‌ನೆಟ್ ಇರಲಿಲ್ಲ. ಹಿಂಡಲಗಾದ ನನ್ನ ಕೋಣೆಯಲ್ಲಿ ಇಳಿಸಿಕೊಂಡು, ಪೆನ್‌ಡ್ರೈವಿನಲ್ಲಿ ಒಯ್ದು, ಅದಕ್ಕೆ ಬೇಕಾದ ಇನ್ನೊಂದು ಪ್ಯಾಕೇಜು ಇಲ್ಲವೆಂದು ತಿಳಿದು ಮತ್ತೆ ಹಿಂಡಲಗಾಕ್ಕೆ ಬಂದು, ಹೀಗೆ ಒಂದು ವಾರ ಮಳೆಯಲ್ಲಿ ನೆನೆದೆ. ಆಮೇಲೆ ಟೋಕನ್. ಅಂದರೆ ನಾನು ನಾನೇ ಎಂದು ಅರೇಗೆ ತೋರಿಸುವ ಉದ್ದನೆಯ ಗುಟ್ಟಿನ ಸಾಲು. ಅದನ್ನು ಕೊಟ್ಟರೆ, ನಾನು ಕೂತ ಕಂಪ್ಯೂಟರ್ ತಿರುಗಿ ನನ್ನನ್ನೇ ಎಚ್ಚರಿಸಿತು: ಆ ಕಡೆಯ ಯಂತ್ರದ ಗುರುತಿನ ಪತ್ರಕ್ಕೆ ಸಾಕ್ಷಿ ಇಲ್ಲ, ನಂಬುತ್ತೀಯಾ? ಇಂಥ ಪ್ರಶ್ನೆ ಕೇಳುವವರನ್ನು ಕಂಡರೆ ನನಗೆ ಗೌರವ.

ಕೊನೆಗೆ ಸಂಪರ್ಕ ಸಿಕ್ಕಿತು. ವಾಲ್ಯೂಮ್‌ಗಳನ್ನು ತೋರಿಸು ಎಂದು ಕೇಳಿದೆ. ಹೆಸರುಗಳ ಸಾಲು ಬಂತು. ಸಂತೋಷಕ್ಕೆ ಇನ್ನೊಮ್ಮೆ ಅದನ್ನೇ ಓದಿಸಿದೆ, ಏನೂ ಇಲ್ಲ. ಖಾಲಿ. ಎಲ್ಲ ಅಳಿದುಹೋಯಿತೇ ಎಂದು ಕುರ್ಚಿಯಿಂದ ಎದ್ದೆ. ಅಳಿದಿರಲಿಲ್ಲ. ಆ ಲೈಬ್ರರಿ ಕೊಡುವ ಉತ್ತರವನ್ನು ಒಂದೇ ಸಲ ಓದಬಹುದು. ಮತ್ತೆ ಬೇಕೆಂದರೆ ಕೈಯಲ್ಲಿ ಬರೆದಿಟ್ಟುಕೊಂಡಿರಬೇಕು, ಇಲ್ಲವೆ ಹೊಸದಾಗಿ ಕೇಳಬೇಕು. ಅದರ ಇನ್ನೊಂದು ಗುಣವೂ ಬೇಗ ಗೊತ್ತಾಯಿತು. ಕೆಲಸ ಕೆಟ್ಟರೆ ಅದು ಕೂಗಿ ಹೇಳುವುದಿಲ್ಲ. ಸುಮ್ಮನೆ ಒಂದು ಉತ್ತರ ಕೊಡುತ್ತದೆ, ಕೆಟ್ಟದ್ದು ಏಕೆಂಬುದು ಆ ಉತ್ತರದ ಒಳಗೆ ಇರುತ್ತದೆ. ಬಿಡಿಸಿ ನೋಡದವರು ಎಲ್ಲ ಸರಿಯಾಯಿತೆಂದು ಮನೆಗೆ ಹೋಗುತ್ತಾರೆ. ನಾನು ಪ್ರತಿ ಸಲವೂ ಬಿಡಿಸಿ ನೋಡುವುದನ್ನು ರೂಢಿ ಮಾಡಿಕೊಂಡೆ. ಏಸಿಯ ಚಳಿಯಲ್ಲಿ ಸ್ವೆಟರ್ ಹಾಕಿಕೊಂಡು ನಾನು ಆ ಯಂತ್ರಕ್ಕೆ "ಅಲ್ಲ, ಅದ್ಹೆಂಗ?" ಎಂದು ಜೋರಾಗಿ ಕೇಳುವುದನ್ನು ಬಾಗಿಲ ಹೊರಗೆ ನೆಲ ಒರೆಸುವವರು ಕೇಳಿರಬೇಕು. ಅವರು ನನ್ನನ್ನು ಕಂಡರೆ ಬಕೆಟ್ ಎತ್ತಿಕೊಂಡು ಬೇಗ ಮುಂದೆ ಹೋಗುತ್ತಿದ್ದರು.

ಆಷಾಢ ಅರ್ಧ ದಾಟಿದ ಮೇಲೆ ದೇಸಾಯಿ ಸರ್ ಹೊಸ ಕೆಲಸ ಹೇಳಿದರು. ಅರೇಯಲ್ಲಿ ಜಾಗ ತುಂಬುತ್ತ ಬಂದಿದೆ. ಯಾವ ಹೋಸ್ಟಿಗೂ ಜೋಡಿಸಿರದ, ಒಂದು ತಿಂಗಳಿಂದ ಯಾರೂ ಮುಟ್ಟಿರದ ವಾಲ್ಯೂಮ್‌ಗಳನ್ನು ಹುಡುಕಿ ಅಳಿಸುವ ಸ್ಕ್ರಿಪ್ಟ್ ಬರೆ. ಬರೆದೆ. ಹುಡುಕಲು ಬಿಟ್ಟೆ, ಅಳಿಸಲು ಬಿಡಲಿಲ್ಲ. ಸಿಕ್ಕವುಗಳಲ್ಲಿ ಹೆಚ್ಚಿನವು ಪರೀಕ್ಷೆಗೆಂದು ಮಾಡಿ ಮರೆತವು. ಒಂದರ ಹೆಸರು ಮಾತ್ರ ಬೇರೆ: ಕೆಎಚ್-ಗಾಡಿ. ತುಂಬಿದ ವಾಲ್ಯೂಮ್. ಯಾವುದಕ್ಕೂ ಜೋಡಿಸಿರಲಿಲ್ಲ.

"ಸರ್, ಇದರಾಗ ಏನೋ ಅದ. ಯಾರದಂತ ಗೊತ್ತಾಗೋತನಕ ಅಳಸೂದು ಬ್ಯಾಡ" ಎಂದೆ.

"ಯಾರೂ ಬಳಸವಲ್ಲರು. ಮತ್ತ ಯಾರದಿದ್ದರೇನು?"

"ಬಳಸವಲ್ಲರು ಅನ್ನೂದಕ್ಕ ಪುರಾವೆ ಏನು? ಜೋಡಿಸಿಲ್ಲ ಅನ್ನೂದಷ್ಟ ಗೊತ್ತು. ಜೋಡಿಸದೆ ಇರೂದು ಬ್ಯಾರೆ, ಬ್ಯಾಡಾಗೂದು ಬ್ಯಾರೆ."

"ನೋಡವಾ, ಡಿಬೇಟ್ ಕಾಲೇಜಿನಾಗ ಮುಗೀತು. ಬೇಕು ಅನ್ನಾವ್ರು ಬಂದು ಹೇಳಲಿ."

"ಅಳಸಾವ್ರು ಮೊದಲು ಕೇಳಬೇಕು ಸರ್. ಪುರಾವೆಯ ಹೊಣಿ ಅಳಸಾವ್ರ ಮ್ಯಾಲ."

ನಾನು ಸರಿಯೇ ಇದ್ದೆ. ಅದರಲ್ಲಿ ಸಂಶಯವಿಲ್ಲ. ಆದರೆ ಸರಿ ಇರುವುದನ್ನು ಹೇಳುವಾಗ ನನ್ನ ದನಿಯಲ್ಲಿ ಒಂದು ಗಂಟೆ ಬಾರಿಸುತ್ತದಂತೆ, ವಿದ್ಯಾ ಹೇಳುತ್ತಿದ್ದಳು. ಆ ಗಂಟೆ ಹುಬ್ಬಳ್ಳಿಗೂ ಕೇಳಿಸಿತು. ದೇಸಾಯಿ ಸರ್ ಸ್ಕ್ರಿಪ್ಟನ್ನು ತಮಗೆ ಕಳಿಸಲು ಹೇಳಿದರು. ನನ್ನ ಟೋಕನ್‌ಗೆ ಓದುವ ಹಕ್ಕು ಮಾತ್ರ ಉಳಿಸಿ, ಬರೆಯುವ ಹಕ್ಕು ಕಿತ್ತುಕೊಂಡರು. "ಶುಕ್ರವಾರದ ತನಕ ಟೈಮು. ಯಾರದಂತ ಹುಡಕ್ರಿ" ಎಂದರು. "ನೋಡವಾ" ಹೋಗಿ ಬಹುವಚನ ಬಂದದ್ದನ್ನು ಗಮನಿಸಿದೆ.

ಬೆಳಗಾವಿಯ ಆಸ್ಪತ್ರೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೆಎಚ್ ಅಂದರೆ ಖಾನಾಪುರ ಇರಬಹುದು, ಅಲ್ಲಿ ನಮ್ಮ ಸಣ್ಣ ದವಾಖಾನೆ ಇದೆ, ಅಲ್ಲಿಯ ಫೋನು ಮಳೆಗೆ ಸತ್ತಿದೆ ಎಂದರು. ಗುರುವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಚೀಲವನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಖಾನಾಪುರದ ಬಸ್ಸು ಹತ್ತಿದೆ. ನಗರ ದಾಟಿದ ಮೇಲೆ ಮಳೆ ದಪ್ಪವಾಯಿತು. ಕಿಟಕಿಯ ಎರಡೂ ಕಡೆ ಗದ್ದೆಗಳಲ್ಲಿ ಜನ ಬಾಗಿ ನಿಂತಿದ್ದರು.

ದವಾಖಾನೆಯ ಹಿಂದೆ ಅದು ಇತ್ತು: ದೊಡ್ಡ ತಾಡಪತ್ರಿ ಹೊದ್ದು, ಹಗ್ಗ ಬಿಗಿದು, ಗಾಲಿಗೆ ಕಲ್ಲು ಕೊಟ್ಟು ನಿಲ್ಲಿಸಿದ ಒಂದು ವ್ಯಾನು. ನಾನು ತಾಡಪತ್ರಿಯ ಅಂಚು ಎತ್ತಿ ಇಣುಕಿದೆ. ಆ ವಾಸನೆ.

"ಏ, ಯಾರ್ರಿ ಅದು? ಮಲಗಿದ್ದನ್ನ ಎಬ್ಬಿಸಬ್ಯಾಡ್ರಿ!"

ಬಾಗಿಲಲ್ಲಿ ಬಿಳಿ ಕೋಟಿನ ಹೆಂಗಸು ನಗುತ್ತ ನಿಂತಿದ್ದರು. ಶಂಶಾದ್ ಬಾಯಿ, ಎಕ್ಸ್‌ರೇ ತೆಗೆಯುವವರು. ನಾನು ಯಾರೆಂದು ಹೇಳಿದ ಮೇಲೆ, "ಬರ್ರಿ, ಕುಂದರ್ರಿ. ಬೆಳಗಾಂವದಿಂದ ನಮ್ಮನ್ನ ಹುಡಕೊಂಡು ಬಂದಾವ್ರನ್ನ ನಾ ನೋಡಿಲ್ಲ" ಎಂದು ಛಾ ತರಿಸಿದರು.

ಅವರು ಹೇಳಿದ್ದು ಇಷ್ಟು. ವ್ಯಾನಿನೊಳಗೆ ಎಕ್ಸ್‌ರೇ ಯಂತ್ರವಿದೆ. ಜಾಂಬೋಟಿಯ ಆಚೆ, ಕಾಡಿನ ವಾಡಿಗಳಿಗೆ, ಅಂದರೆ ನಾಲ್ಕಾರು ಮನೆಗಳ ಹಳ್ಳಿಗಳಿಗೆ ಹೋಗಿ ಜನರ ಎದೆಯ ಚಿತ್ರ ತೆಗೆಯುತ್ತದೆ. ಮಳೆ ಹಿಡಿದರೆ ಆ ದಾರಿಗಳಲ್ಲಿ ಗಾಲಿ ನಡೆಯುವುದಿಲ್ಲ. ಒಂದು ವರ್ಷ ಮಳೆಯಲ್ಲಿ ಮೇಲಿಂದ ಮೇಲೆ ಕರೆಂಟು ಹೋಗಿ ಚಿತ್ರಗಳು ಅರ್ಧಂಬರ್ಧ ಬರೆದು ಕೆಟ್ಟವು. ಅಂದಿನಿಂದ ಒಂದು ಪದ್ಧತಿ. ಕಾರಹುಣ್ಣಿಮೆಯ ದಿನ ಊರವರು ಎತ್ತು ತೊಳೆಯುವಾಗ ಇವರು ವ್ಯಾನು ತೊಳೆಯುತ್ತಾರೆ, ಡ್ರೈವರು ಅದಕ್ಕೆ ಕುಂಕುಮ ಹಚ್ಚುತ್ತಾನೆ, ತಾಡಪತ್ರಿ ಹೊದಿಸುತ್ತಾರೆ. ಅವತ್ತೇ ಬೆಳಗಾವಿಗೆ ಹೇಳಿ ಚಿತ್ರದ ವಾಲ್ಯೂಮನ್ನೂ ಬಿಚ್ಚಿಸುತ್ತಾರೆ.

"ಕಾರಹುಣ್ಣಿವಿಗೆ ಬಿಚ್ಚೂದು, ಸೀಗಿ ಹುಣ್ಣಿವಿಗೆ ಕಟ್ಟೂದು" ಎಂದರು ಶಂಶಾದ್ ಬಾಯಿ. ಮಳೆ ಹಿಡಿಯುವಾಗ ಬಿಚ್ಚಿ, ಮಳೆ ಬಿಟ್ಟ ಮೇಲೆ ಜೋಡಿಸುವುದು.

"ಇದು ಎಲ್ಲೆರೆ ಬರದೈತೇನ್ರಿ?"

"ಬರಿಯೂದ್ಯಾಕ? ಮಳಿ ಬರ್ತದ ಅನ್ನೂದನ್ನ ಯಾರರೆ ಬರದಿಡ್ತಾರೇನು? ಮೊದಲಿದ್ದ ಸಾಹೇಬರಿಗೆ ಗೊತ್ತಿತ್ತು. ಈ ಸಲ ಬಿಚ್ಚಿಕೊಟ್ಟು ಅವರು ಕೆಲಸಾ ಬಿಟ್ಟು ಹೋದ್ರು."

ನಾನು ಬಾಯಿ ತೆರೆದೆ, ಇದು ಎಂಥ ವ್ಯವಸ್ಥೆ ಎಂದು ಶುರು ಮಾಡಲು. ಅಷ್ಟರಲ್ಲಿ ಅವರು ಬಾಗಿಲ ಪಕ್ಕದ ಬೆಂಚಿನತ್ತ ಕೈ ತೋರಿಸಿದರು.

"ನೀವು ಬಂದದ್ದು ಛಲೋ ಆತು. ಈಕಿ ಸಲುವಾಗಿ ಇವತ್ತೊಂದಿನ ಕಟ್ಟಿಕೊಡ್ರಿ."

ಬೆಂಚಿನ ಮೇಲೆ ಲಕ್ಷ್ಮೀಬಾಯಿ ಕೂತಿದ್ದರು. ಒದ್ದೆ ಪ್ಲಾಸ್ಟಿಕ್ ಕೊಪ್ಪೆ ಮಡಿಲಲ್ಲಿ, ಉಗುರುಗಳಲ್ಲಿ ಗದ್ದೆಯ ಕೆಸರು. ಕೆಲವು ವರ್ಷದ ಹಿಂದೆ ಕ್ಷಯವಾಗಿ ಪೂರ್ತಿ ಔಷಧ ಮುಗಿಸಿದವರು. ಈಗ ಮಳೆಗೆ ಕೆಮ್ಮು ಹಿಡಿದಿದೆ. ಅವತ್ತು ಬೆಳಿಗ್ಗೆ ದವಾಖಾನೆಯಲ್ಲಿ ತೆಗೆದ ಎಕ್ಸ್‌ರೇಯಲ್ಲಿ ಎದೆಯ ಎಡಗಡೆ ಒಂದು ಬಿಳಿ ಕಲೆ. ಹಳೆಯ ರೋಗದ ಗಾಯದ ಗುರುತೇ ಅದು, ಅಥವಾ ರೋಗ ತಿರುಗಿ ಬಂದಿದೆಯೇ? ಬೆಳಗಾವಿಯ ಡಾಕ್ಟರು ಕಂಪ್ಯೂಟರಿನಲ್ಲಿ ಬರೆದು ಕಳಿಸಿದ್ದು ಇಷ್ಟೆ: ವ್ಯಾನಿನಲ್ಲಿ ತೆಗೆದ ಹಳೆಯ ಚಿತ್ರ ತೋರಿಸಿ, ಕಲೆ ಇದ್ದಷ್ಟೇ ಇದ್ದರೆ ಕೆಮ್ಮಿನ ಔಷಧ ಕೊಟ್ಟು ಮನೆಗೆ ಕಳಿಸಿ. ಚಿತ್ರವಿಲ್ಲದಿದ್ದರೆ ಆಸ್ಪತ್ರೆಗೆ ಸೇರಿಸಿ ಎಲ್ಲ ಪರೀಕ್ಷೆ ಮೊದಲಿಂದ.

"ನಟ್ಟಿ ಅರ್ಧಾ ಆಗ್ಯದ" ಎಂದರು ಲಕ್ಷ್ಮೀಬಾಯಿ, ನನಗಲ್ಲ, ಬಾಗಿಲಾಚೆಯ ಮಳೆಗೆ. "ಸಸಿ ಕಿತ್ತಿಟ್ಟು ಬಂದೀನಿ. ನಾ ಬೆಳಗಾಂವದಾಗ ಮಲಗಿದ್ರ ಅವು ಕೊಳಿತಾವ."

ನಾನು ಲ್ಯಾಪ್‌ಟಾಪ್ ತೆರೆದೆ. ದವಾಖಾನೆಯಿಂದ ಅರೇಗೆ ಒಂದು ಸಣ್ಣ ಸಂಪರ್ಕ ಇತ್ತು. ಮಳೆಯಲ್ಲೂ ಅದು ಹೇಗೋ ಬದುಕಿತ್ತು. ಕೆಎಚ್-ಗಾಡಿ ಎಂದು ಕೇಳಿದೆ. ಉತ್ತರ ಬಂತು. ಎಂದಿನಂತೆ ಬಿಡಿಸಿ ನೋಡಿದೆ. ಅಳಿಸಲಾಗಿದೆಯೇ ಎಂಬ ಖಾನೆಯ ಮುಂದೆ ಹೌದು ಎಂದಿತ್ತು.

ಶುಕ್ರವಾರ ಇನ್ನೂ ಬಂದಿರಲಿಲ್ಲ. ದೇಸಾಯಿ ಸರ್ ಬೆಳಿಗ್ಗೆಯೇ ನನ್ನ ಸ್ಕ್ರಿಪ್ಟನ್ನು ಓಡಿಸಿದ್ದರು.

ಈ ಅರೇಯಲ್ಲಿ ಅಳಿಸಿದ್ದು ಕೂಡಲೇ ಅಳಿಯುವುದಿಲ್ಲ. ಒಂದು ಹಗಲು ಒಂದು ರಾತ್ರಿ ತಡೆದುಕೊಂಡಿರುತ್ತದೆ. ಅಷ್ಟರಲ್ಲಿ ಬೇಕೆಂದವರು ಒಂದೇ ಸಾಲಿನಲ್ಲಿ ಹಿಂದಕ್ಕೆ ಕರೆಯಬಹುದು. ಗಡುವು ದಾಟಿದರೆ ಮುಗಿಯಿತು. ಬೇರೆ ನಕಲು ಎಲ್ಲೂ ಇರಲಿಲ್ಲ. ಆ ಒಂದು ಸಾಲು ನನಗೆ ಬಾಯಿಪಾಠ ಇತ್ತು. ಆದರೆ ಬರೆಯುವ ಹಕ್ಕು ಇರಲಿಲ್ಲ. ಕೊಟ್ಟು ನೋಡಿದೆ, ಅನುಮತಿ ಇಲ್ಲ ಎಂದು ಅರೇ ಮೆಲ್ಲಗೆ ಹೇಳಿತು.

ನನ್ನ ಮೊಬೈಲಿನಿಂದ ದೇಸಾಯಿ ಸರ್‌ಗೆ ಫೋನು ಹಚ್ಚಿದೆ. ನನ್ನ ಬಳಿ ಎಲ್ಲವೂ ಇತ್ತು. ಪುರಾವೆ ಇತ್ತು, ಸಾಕ್ಷಿ ಬೆಂಚಿನ ಮೇಲೆ ಕೂತಿತ್ತು, ಕೊಟ್ಟ ಗಡುವನ್ನು ಅವರೇ ಮುರಿದಿದ್ದರು. ಇಂಥ ಪಂದ್ಯ ಯಾವ ವೇದಿಕೆಯಲ್ಲೂ ನನಗೆ ಸಿಕ್ಕಿರಲಿಲ್ಲ.

"ಸರ್, ಶುಕ್ರವಾರ ಅಂದಿದ್ರಿ."

"ಹೆಡ್ಡಾಫೀಸಿನಾವ್ರು ಇವತ್ತ ಜಾಗಾ ಕೇಳಿದ್ರು. ರೂಲ್ ಪ್ರಕಾರ ಮಾಡೀನಿ. ಜೋಡಿಸಿಲ್ಲ, ಒಂದು ತಿಂಗಳಿಂದ ಯಾರೂ ಮುಟ್ಟಿಲ್ಲ."

"ನಿಮ್ಮ ರೂಲ ತಪ್ಪೈತಿ ಸರ್. ನಾ ಅವತ್ತ ಹೇಳಿದ್ದೆ. ಇಲ್ಲಿ ಬಂದು ನೋಡಿದ್ರ..."

"ತಪ್ಪಂತ ನೀವು ಹೇಳಿದ್ರ ಆತೇನು? ಮೇಲ್ ಹಾಕ್ರಿ. ಸೋಮವಾರ ಮೀಟಿಂಗಿನಾಗ ನೋಡೂಣು."

ದನಿ ತಣ್ಣಗಾಗಿತ್ತು. ಆ ತಣ್ಣನೆಯ ದನಿ ನನಗೆ ಗೊತ್ತು. ಎದುರಾಳಿ ಸೋಲುತ್ತಿದ್ದೇನೆಂದು ತಿಳಿದಾಗ ಬಾಗಿಲು ಹಾಕಿಕೊಳ್ಳುವ ಸದ್ದು ಅದು. ಸ್ಪರ್ಧೆಯಲ್ಲಿ ನಾನು ಕಾಯುತ್ತಿದ್ದದ್ದೇ ಆ ಸದ್ದಿಗೆ. ಇಲ್ಲಿ ತೀರ್ಪುಗಾರರು ಇರಲಿಲ್ಲ, ಎದುರಾಳಿಯ ಕೈಯಲ್ಲೇ ಕೀಲಿ ಇತ್ತು. ಇನ್ನೊಂದು ಮಾತು ಗೆದ್ದರೆ ಅವರು ಫೋನು ಇಡುತ್ತಿದ್ದರು.

ಶಂಶಾದ್ ಬಾಯಿ ನನ್ನನ್ನೇ ನೋಡುತ್ತಿದ್ದರು. ಲಕ್ಷ್ಮೀಬಾಯಿ ಕೊಪ್ಪೆಯ ತುದಿಯಿಂದ ನೀರು ಹಿಂಡುತ್ತಿದ್ದರು.

"ಸರ್" ಎಂದೆ. "ಆತು. ನಿಮ್ಮದ ಖರೇ. ರೂಲ ಸರಿ ಐತಿ. ಯಾರದಂತ ಬರದಿಡದ ವಾಲ್ಯೂಮ್ ಹೋಗಬೇಕಾದ್ದ. ತಪ್ಪು ಈ ಕಡೀದು. ನಾ ಸೋತೆ ಅಂತ ತಿಳೀರಿ. ಇವತ್ತೊಂದು ದಿನದ ಮಟ್ಟಿಗೆ ಹಿಂದ ಕೊಡ್ರಿ, ಒಬ್ಬಾಕಿ ಎದಿ ಚಿತ್ರಾ ನೋಡೂದೈತಿ."

ಆ ಕಡೆ ದೇಸಾಯಿ ಸರ್ ಕುರ್ಚಿ ಎಳೆದುಕೊಂಡ ಸದ್ದು ಕೇಳಿತು.

"ಮೇಲ್‌ನಾಗ ಹಿಂಗ ಬರೀತೀರಿ? ರೂಲ ಸರಿ ಇತ್ತು ಅಂತ?"

"ಬರೀತೀನಿ."

"ಮೊದಲ ಹಿಂಗ ಅಂದಿದ್ರ ಮುಗೀತಿತ್ತಲಾ" ಎಂದರು. ದನಿ ಬೆಚ್ಚಗಾಗಿತ್ತು. "ಕೆಮ್ಮು ಭಾಳ ಅದೇನು ಆಕಿಗೆ? ತಡೀರಿ, ಹಕ್ಕು ಕೊಡ್ತೀನಿ. ಸೀಗಿ ಹುಣ್ಣಿವಿ ತನಕ ಇಟಗೊಳ್ರಿ ಬೇಕಾದ್ರ, ಹೆಸರಿನ ಮುಂದ ಯಾರದಂತ ಮಾತ್ರ ಬರದಿಡ್ರಿ."

ಒಂದು ಸಾಲು ಬರೆದು ವಾಲ್ಯೂಮನ್ನು ಹಿಂದಕ್ಕೆ ಕರೆದೆ. ಇನ್ನೊಂದು ಸಾಲಿನಲ್ಲಿ ಖಾನಾಪುರದ ಹೋಸ್ಟಿಗೆ ಜೋಡಿಸಿದೆ. ಎರಡೂ ಉತ್ತರಗಳನ್ನು ಬಿಡಿಸಿ ನೋಡಿದೆ. ಶಂಶಾದ್ ಬಾಯಿಯ ಪರದೆಯ ಮೇಲೆ ಎರಡು ಎದೆಗೂಡುಗಳು ಅಕ್ಕಪಕ್ಕ ಬಂದವು. ಎರಡರಲ್ಲೂ ಅದೇ ಜಾಗದಲ್ಲಿ ಅದೇ ಅಳತೆಯ ಕಲೆ. ಡಾಕ್ಟರಿಗೆ ಕಳಿಸಿದರು; ಹಳೆಯದೇ, ಮನೆಗೆ ಕಳಿಸಿ ಎಂದು ಬಂತು. ಲಕ್ಷ್ಮೀಬಾಯಿ ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ, ಕೊಪ್ಪೆ ತಲೆಗೇರಿಸಿ ಎದ್ದರು.

ಬಸ್‌ಸ್ಟ್ಯಾಂಡಿನವರೆಗೆ ನಾವಿಬ್ಬರೂ ಜತೆಗೆ ನಡೆದೆವು. ನಾನು ಸೋತದ್ದನ್ನು ಯಾರಿಗಾದರೂ ಹೇಳಬೇಕೆನಿಸಿತ್ತು. ವಿದ್ಯಾಗೆ ಫೋನು ಮಾಡಿದರೆ ನಂಬುತ್ತಿರಲಿಲ್ಲ, ಮಾಡಲೂ ಇಲ್ಲ.

"ಪೋರಿ, ಬೆಳಗಾಂವದಾಗ ಯಾರದಾರ ನಿನಗ?" ಎಂದರು ಲಕ್ಷ್ಮೀಬಾಯಿ.

"ಯಾರೂ ಇಲ್ರಿ."

ಅವರು ಅದನ್ನು ಪ್ರಶ್ನಿಸಲಿಲ್ಲ. ಜಾಂಬೋಟಿಯ ಬಸ್ಸು ಬಂತು. ಹತ್ತುತ್ತ ತಿರುಗಿ, "ರವಿವಾರ ನಟ್ಟಿಗೆ ಬಾ. ಕೈ ಕಡಿಮಿ ಅದಾವ" ಎಂದರು. ನನಗೆ ಬರುವುದಿಲ್ಲ ಎಂಬುದಕ್ಕೆ ನಾನು ಕಾರಣಗಳನ್ನು ಜೋಡಿಸಿಕೊಳ್ಳುವಷ್ಟರಲ್ಲಿ ಬಸ್ಸು ಹೋಯಿತು.

ರವಿವಾರ ನಾನು ಸಾಂಬ್ರಾದ ಬಸ್ಸು ಹಿಡಿಯಲಿಲ್ಲ. ಜಾಂಬೋಟಿಗೆ ಹೋದೆ. ಇಳಿದ ಮೇಲೆ ತಿಳಿಯಿತು, ಅವರ ವಾಡಿಯ ಹೆಸರನ್ನೇ ನಾನು ಕೇಳಿರಲಿಲ್ಲ. ಅದು ಇದ್ದರೆ ಆ ವಾಲ್ಯೂಮಿನಲ್ಲಿ, ಚಿತ್ರದ ಜತೆಗಿನ ವಿವರದಲ್ಲಿ ಇರಬೇಕಿತ್ತು. ಅದನ್ನು ಗುರುವಾರ ಸಂಜೆಯೇ ಮತ್ತೆ ಬಿಚ್ಚಿಟ್ಟಿದ್ದೆವು. ಮಳೆ ಒಂದೇ ಸಮ ಸುರಿಯುತ್ತಿತ್ತು. ರಸ್ತೆಯ ಎರಡೂ ಕಡೆ ಗದ್ದೆಗಳು, ಗದ್ದೆಗಳ ತುಂಬ ಕೊಪ್ಪೆ ಹೊದ್ದು ಬಾಗಿದ ಬೆನ್ನುಗಳು. ಮುಖ ಒಂದೂ ಕಾಣದು. ಅವರಲ್ಲಿ ಯಾರಾದರೂ ಲಕ್ಷ್ಮೀಬಾಯಿ ಇರಬಹುದು, ಯಾರೂ ಅಲ್ಲದೆಯೂ ಇರಬಹುದು. ನಾನು ಬದುವಿನ ಮೇಲೆ ಎಷ್ಟು ಹೊತ್ತು ನಿಂತಿದ್ದೆನೋ.

ಹತ್ತಿರದ ಗದ್ದೆಯ ಹೆಂಗಸೊಬ್ಬಳು ಸೊಂಟ ನೆಟ್ಟಗೆ ಮಾಡಿ ನನ್ನನ್ನು ನೋಡಿದಳು. ಪಕ್ಕದವಳಿಗೆ ಮರಾಠಿಯಲ್ಲಿ ಏನೋ ಅಂದು ಇಬ್ಬರೂ ನಕ್ಕರು.

"ನಟ್ಟಿ ಮಾಡಾಕ ಬರ್ತದೇನ?" ಎಂದು ಕೂಗಿದಳು.

"ಇಲ್ಲ!" ಎಂದೆ.

"ಮತ್ತ ನಿಂತಿ ಯಾಕ? ಇಳಿ."

ಚಪ್ಪಲಿ ಬಿಟ್ಟು ಇಳಿದೆ. ಕೆಸರು ಮೊಣಕಾಲಿನವರೆಗೆ ಎಳೆದುಕೊಂಡಿತು. ಅವಳು ಒಂದು ಹಿಡಿ ಸಸಿ ನನ್ನ ಕೈಗೆ ತುರುಕಿ, ಎಲ್ಲಿ ಊರಬೇಕೆಂದು ಗದ್ದದಿಂದ ತೋರಿಸಿ ಮತ್ತೆ ಬಾಗಿದಳು. ನಾನು ಯಾರ ಪೈಕಿ, ಯಾಕೆ ಬಂದೆ ಎಂದು ಅವಳು ಕೇಳಲಿಲ್ಲ. ಅದು ಯಾರ ಗದ್ದೆ ಎಂದು ನಾನೂ ಕೇಳಲಿಲ್ಲ.